ಬೂದಿ ಬರುವ ದಿಕ್ಕು

ಬಲು ಹಿಂದೆ, ಏಳು ಕಡಲುಗಳ ಆಚೆ, ಇತ್ಸಾಲವೆಂಬ ರಾಜ್ಯವಿತ್ತು. ಅಲ್ಲಿನ ನೆಲವೆಲ್ಲ ಸುಣ್ಣಕಲ್ಲು. ಅಲ್ಲಿಯ ಜೇಡಿಮಣ್ಣಿಗೆ ಬೂದಿ ಬೆರೆಸದಿದ್ದರೆ ಮಡಕೆ ಸುಡುವಾಗ ಆವಿಗೆಯಲ್ಲೇ ಸೀಳಿಹೋಗುತ್ತಿತ್ತು. ಒಲೆಯ ಬೂದಿಯಲ್ಲ; ಹಲ್ಲಿನಲ್ಲಿ ಕಚ್ಚಿದರೆ ಗಾಜಿನ ಪುಡಿಯಂತೆ ಕರಕರ ಎನ್ನುವ ಬಿಳಿ ಬೂದಿ. ಅದು ಮಾಂತ್ರಿಕ ಚಿಮಾಲನ ಕೋಟೆಯಲ್ಲಿ ಮಾತ್ರ ಸಿಗುತ್ತಿತ್ತು. ಅದು ತನ್ನ ಮಂತ್ರದಿಂದ ಹುಟ್ಟುತ್ತದೆ ಎಂದು ಅವನು ಹೇಳುತ್ತಿದ್ದ. ಒಂದು ಬುಟ್ಟಿ ಬೂದಿ ಬೇಕಾದರೆ ಒಂದು ಬುಟ್ಟಿ ಮೆಕ್ಕೆಜೋಳ ಸುರಿಯಬೇಕು. ಅರಸನೂ ಸುರಿಯುತ್ತಿದ್ದ, ಸುಮ್ಮನಿರುತ್ತಿದ್ದ.

ಆ ರಾಜ್ಯದಲ್ಲಿ ಸತ್ತವರ ಮುಖದ ಮೇಲೆ ಹೊಸ ಬೋಗುಣಿಯನ್ನು ಕವುಚಿ, ಆಮೇಲೆ ಮಣ್ಣು ಮುಚ್ಚುವುದು ಪದ್ಧತಿ. ಕಣ್ಣಿಗೆ ಮಣ್ಣು ಬಿದ್ದರೆ ಮುಂದಿನ ದಾರಿ ಕಾಣುವುದಿಲ್ಲ ಎಂದು ಅವರ ನಂಬಿಕೆ.

ಕುಂಬಾರಗಿತ್ತಿ ನಿಕ್ತೆಯ ಮಗಳು ಇಶೆ ಜ್ವರದಲ್ಲಿ ತೀರಿಕೊಂಡಳು. ಮನೆಯ ಜೋಳವೆಲ್ಲ ಅವಳ ಗಂಜಿಗೆ ಮುಗಿದಿತ್ತು. ನೆರೆಯವರ ಕಣಜಗಳೂ ಬರಿದಾಗಿದ್ದವು. ನಿಕ್ತೆ ಬೂದಿಯಿಲ್ಲದೆಯೇ ಬೋಗುಣಿ ಮಾಡಿದಳು. ಸೀಳಿತು. ಇನ್ನೊಂದು ಮಾಡಿದಳು. ಅದೂ ಸೀಳಿತು. ಮಗುವನ್ನು ಚಾಪೆಯಲ್ಲಿ ಸುತ್ತಿ ತಣ್ಣನೆಯ ಗುಹೆಯಲ್ಲಿ ಮಲಗಿಸಿ, ತನ್ನ ಅಜ್ಜಿಯನ್ನು ಕಾವಲಿಗೆ ಕೂರಿಸಿ, ಕೋಟೆಗೆ ಹೋಗಿ ಒಂದೇ ಒಂದು ಹಿಡಿ ಬೂದಿ ಬೇಡಿದಳು.

ಬಾಗಿಲು ಕಾಯುವ ಮಾಯದ ಗಿಳಿ ಅವಳನ್ನು ಮೇಲಿಂದ ಕೆಳಗೆ ನೋಡಿತು. "ಸತ್ತ ಹುಡುಗಿ ಉಣ್ಣುತ್ತಾಳೇನಮ್ಮ? ಅವಳಿಗ್ಯಾಕೆ ಬೋಗುಣಿ?"

ನಿಕ್ತೆ ಅಳಲಿಲ್ಲ. ಅಷ್ಟು ಸಿಟ್ಟು ಬಂದಾಗ ಅಳು ಬರುವುದಿಲ್ಲ. ಈ ಬೂದಿ ನಿಜವಾಗಿ ಎಲ್ಲಿಂದ ಬರುತ್ತದೆಂದು ಕಂಡುಹಿಡಿಯದೆ ಮನೆಗೆ ಮರಳುವುದಿಲ್ಲ ಎಂದು ಕೋಟೆಯ ಹಿಂದಿನ ಕಾಡನ್ನು ಹೊಕ್ಕಳು.

ಕಾಡಿನಲ್ಲಿ ಮಾತಾಡುವ ಚುಕ್ಕೆಹುಲಿ ಅಡ್ಡ ಬಂತು. ಸುಟ್ಟ ಮರಗಳ ಬಯಲನ್ನು ತೋರಿಸಿ, ಯಜಮಾನರ ಬೂದಿ ಹುಟ್ಟುವುದು ಇಲ್ಲೇ, ಅಲ್ಲವೆಂದರೆ ತಿಂದುಬಿಡುತ್ತೇನೆ ಎಂದಿತು. ನಿಕ್ತೆ ಒಂದು ಚಿಟಿಕೆ ತೆಗೆದು ಕಚ್ಚಿ ನೋಡಿದಳು. ಮೆತ್ತಗೆ ಕರಗಿತು.

"ಇದು ಒಲೆ ಬೂದಿ. ಅದಲ್ಲ," ಎಂದಳು. "ತಿನ್ನುವುದಿದ್ದರೆ ತಿನ್ನು. ಆಮೇಲೆ ನನ್ನ ಮಗಳ ಬೋಗುಣಿ ನೀನೇ ಮಾಡಬೇಕು."

ಹೆದರದವರನ್ನು ತಿನ್ನುವ ಮಂತ್ರ ಹುಲಿಗೆ ಗೊತ್ತಿರಲಿಲ್ಲ. ಅದು ದಾರಿ ಬಿಟ್ಟಿತು.

ಹೊಳೆಯ ದಡದಲ್ಲಿ ಹೆಬ್ಬಾವೊಂದು ಬಾಲದಿಂದ ಬಿಳಿ ಕಲ್ಲು ಕುಟ್ಟುತ್ತಿತ್ತು. ಯಜಮಾನರ ಬೂದಿ ಇದೇ ಎಂದಿತು. ನಿಕ್ತೆ ಕಚ್ಚಿ ನೋಡಿದಳು. ಕರಕರ ಎಂದಿತು, ಆದರೆ ನಾಲಿಗೆಗೆ ಸುಣ್ಣದ ರುಚಿ ಹತ್ತಿತು. ಇದನ್ನು ಬೆರೆಸಿದರೆ ಬೋಗುಣಿ ಬೆಂದ ಮೇಲೆ ಉಬ್ಬಿ ಒಡೆಯುತ್ತದೆ.

"ಹೌದು ಅಂದುಬಿಡು ತಾಯಿ. ಒಂದು ಬುಟ್ಟಿ ಪುಕ್ಕಟೆ ಕೊಡುತ್ತೇನೆ," ಎಂದಿತು ಹಾವು. "ಮಣ್ಣೊಳಗೆ ಹೋದ ಮೇಲೆ ಒಡೆದರೆ ಯಾರು ನೋಡುತ್ತಾರೆ?"

"ನನಗೆ ಗೊತ್ತಿರುತ್ತದೆ," ಎಂದು ನಿಕ್ತೆ ಅದರ ಬೆನ್ನು ತುಳಿದುಕೊಂಡೇ ಹೊಳೆ ದಾಟಿದಳು.

ದಾರಿ ಸುತ್ತಿ ಬಳಸಿ ಕೋಟೆಯ ಹಿಂಬದಿಯ ಹಜಾರಕ್ಕೆ ಬಂತು. ಒಳಗೆ ಬೂದಿಯ ಗುಡ್ಡ. ಗುಡ್ಡದ ಮೇಲೆ ಚಿಮಾಲ ಕೂತಿದ್ದ. ಕಚ್ಚಿ ನೋಡು ಎಂದು ನಕ್ಕ. ನಿಕ್ತೆ ಗುಡ್ಡದ ಪೂರ್ವದ ಅಂಚಿನಲ್ಲಿ ಕಚ್ಚಿ ನೋಡಿದಳು. ಅದೇ ಬೂದಿ, ಹಿಟ್ಟಿನಷ್ಟು ನುಣುಪು. ಪಶ್ಚಿಮದ ಅಂಚಿಗೆ ನಡೆದು ಮತ್ತೆ ಕಚ್ಚಿದಳು. ಅದೇ ಬೂದಿ, ಆದರೆ ರವೆಯಷ್ಟು ದಪ್ಪ. ಕಣದಲ್ಲಿ ಜೋಳ ತೂರುವಾಗ ಗಟ್ಟಿ ಕಾಳು ಹತ್ತಿರ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ಇದು ಮಂತ್ರದಿಂದ ಹುಟ್ಟಿದ್ದಲ್ಲ. ಗಾಳಿಯಲ್ಲಿ ಪಶ್ಚಿಮದಿಂದ ಬಂದದ್ದು.

ಪಶ್ಚಿಮದ ಗೋಡೆಯಲ್ಲಿ ಮುಚ್ಚಿದ ಬಾಗಿಲೊಂದಿತ್ತು. ನಿಕ್ತೆ ಅದರತ್ತ ತಿರುಗಿದಾಗ ಚಿಮಾಲನ ನಗು ನಿಂತಿತು. ಅವನು ಗುಡ್ಡ ಇಳಿಯುವಷ್ಟರಲ್ಲಿ ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಮಡಕೆ ತಟ್ಟುವ ಹಲಗೆಯಿಂದ ಬಾಗಿಲನ್ನು ಒಡೆದಿದ್ದಳು.

ದೂರದಲ್ಲಿ ಬೆಂಕಿಬೆಟ್ಟವೊಂದು ಬೂದಿ ಉಗುಳುತ್ತಿತ್ತು. ಬಾಗಿಲ ಕಂಬಕ್ಕೆ ಪಡುವಣ ಗಾಳಿಯನ್ನು ಹಗ್ಗದಿಂದ ಕಟ್ಟಿಹಾಕಿದ್ದರು. ಹಗ್ಗ ಈ ಹಜಾರದವರೆಗೆ ಮಾತ್ರ ಎಟುಕುತ್ತಿತ್ತು. ಗಾಳಿ ತಂದ ಬೂದಿಯನ್ನೆಲ್ಲ ಬಾಗಿಲ ಮೇಲಿನ ಕಿಂಡಿಯಿಂದ ಇಲ್ಲೇ ಚೆಲ್ಲಿ ಹಿಂದೆ ಸರಿಯುತ್ತಿತ್ತು.

"ಇದನ್ನು ಕಟ್ಟು ಅಂದವರು ನಿಮ್ಮವರೇ," ಎಂದ ಚಿಮಾಲ. "ಬೂದಿ ಊರಿನ ಮೇಲೆ ಪುಕ್ಕಟೆ ಬೀಳುತ್ತಿತ್ತು. ಅಂಗಳ ಗುಡಿಸಿ ಸೊಂಟ ಬಿತ್ತು ಅಂತ ನಿನ್ನ ಅಜ್ಜಿಯೇ ಪೊರಕೆ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದಿದ್ದಳು."

ಹಗ್ಗದತ್ತ ಚಾಚಿದ್ದ ನಿಕ್ತೆಯ ಕೈ ನಿಂತಿತು. ಅದು ನಿಜವೆಂದು ಅವಳಿಗೆ ಹೊಳೆಯಿತು. ಅಜ್ಜಿಯ ಕಾಲದಲ್ಲಿ ಬೂದಿ ಕೆರೆಯ ಮಣ್ಣಿನಲ್ಲಿ ತಾನಾಗಿ ಬೆರೆಯುತ್ತಿತ್ತು. ಮಡಕೆ ಗಟ್ಟಿಯಾಗುವುದು ಅದರಿಂದಲೇ ಎಂದು ಯಾರಿಗೂ ತಿಳಿದಿರಲಿಲ್ಲ.

"ಅವಳು ಕೇಳಿದ್ದು ಅಂಗಳ ಚೊಕ್ಕಟವಾಗಿರಲಿ ಅಂತ," ಎಂದಳು ನಿಕ್ತೆ. "ಮಡಕೆಗಳು ಸೀಳತೊಡಗಿದಾಗ ಕಾರಣ ಗೊತ್ತಿದ್ದವನು ನೀನೊಬ್ಬನೇ. ನೀನು ಹೇಳಲಿಲ್ಲ. ಬುಟ್ಟಿ ಇಟ್ಟುಕೊಂಡು ಕೂತೆ."

ಇಷ್ಟು ಹೇಳಿ, ಜೀವಮಾನವಿಡೀ ಮಣ್ಣು ಕಚ್ಚಿ ಪರೀಕ್ಷಿಸಿದ ಹಲ್ಲುಗಳಿಂದ ಆ ಹಗ್ಗವನ್ನು ಕಚ್ಚಿ ತುಂಡರಿಸಿದಳು.

ಗಾಳಿ ಮೊದಲು ಚಿಮಾಲನನ್ನೇ ಎತ್ತಿತು. ಎತ್ತಿ ಒಯ್ದು ಬೆಂಕಿಬೆಟ್ಟದ ಬಾಯಿಗೆ ಹಾಕಿತು. ಹುಲಿ, ಹಾವು, ಗಿಳಿಗಳು ಚಿಮಾಲನ ಮಾಯೆ ಕಳೆದು ಮತ್ತೆ ಮನುಷ್ಯರಾದರು. ನಾಚಿಕೆಯಿಂದ ತಲೆ ತಗ್ಗಿಸಿ ತಮ್ಮ ಊರುಗಳಿಗೆ ಹೋದರು.

ನಿಕ್ತೆ ಮನೆಗೆ ಬಂದಾಗ ಊರಿನ ಮೇಲೆ ಬೂದಿ ಉದುರುತ್ತಿತ್ತು. ಇದೆಲ್ಲಿಯ ಕಸ ಎಂದು ಗೊಣಗುತ್ತ ಹೆಂಗಸರು ಪೊರಕೆ ಹಿಡಿದು ಹೊರಗೆ ಬಂದಿದ್ದರು. ನಿಕ್ತೆ ನಡೆದದ್ದನ್ನೆಲ್ಲ ಹೇಳಿದಳು.

"ನಿಮ್ಮ ಮೇಲೂ ನನಗೆ ಸಿಟ್ಟಿದೆ," ಎಂದಳು. "ಜಗಳ ಆಮೇಲೆ ಆಡೋಣ. ಈಗ ಒಂದೊಂದು ಹಿಡಿ ಬೂದಿ ಕೊಡಿ."

ಗುಹೆಯ ಬಾಯಲ್ಲಿ ಕೂತಿದ್ದ ಅಜ್ಜಿ ಎದ್ದು ಬಂದಳು. ತನ್ನ ಸೆರಗಿನ ಮೇಲೆ ಬಿದ್ದಿದ್ದ ಬೂದಿಯನ್ನು ಬೆರಳುಗಳಿಂದ ಒಟ್ಟುಮಾಡಿ ಮೊದಲ ಹಿಡಿಯನ್ನು ಅವಳೇ ಕೊಟ್ಟಳು.

ಬೋಗುಣಿ ಆವಿಗೆಯಿಂದ ಹೊರಬಂತು. ನಿಕ್ತೆ ಬೆರಳಿನಿಂದ ತಟ್ಟಿದಳು. ಕಂಚಿನಂತೆ ಠಣ್ಣೆಂದಿತು. ಅದನ್ನು ಇಶೆಯ ಮುಖದ ಮೇಲೆ ಕವುಚಿ ಮಣ್ಣು ಮುಚ್ಚಿದರು. ನಿಕ್ತೆ ಆಗ ಅತ್ತಳು.

ಸುದ್ದಿ ಕೇಳಿ ಅರಸ ಬಂದು ಬಹಳ ಸಂತೋಷವಾಯಿತೆಂದ. ಹೆಂಗಸರು ಅವನತ್ತ ತಿರುಗದೆ ಬೂದಿ ಒಟ್ಟುಮಾಡುತ್ತಲೇ ಇದ್ದರು.

ಅಲ್ಲಿಂದ ಮುಂದೆ ಆ ನಾಡಿನ ಜೋಳ ಆ ನಾಡಿನ ಕಣಜದಲ್ಲೇ ಉಳಿಯಿತು, ಮಡಕೆಗಳು ಸೀಳಲಿಲ್ಲ, ಜನ ನೆಮ್ಮದಿಯಿಂದ ಬಾಳಿದರು. ಬೂದಿಯಲ್ಲಿ ಒಮ್ಮೊಮ್ಮೆ ಕಪ್ಪು ಹರಳೊಂದು ಸಿಕ್ಕಿದರೆ ಅದು ಚಿಮಾಲನದೆಂದು ಕುಂಬಾರರು ಆರಿಸಿ ಬಿಸಾಡುತ್ತಾರೆ. ಬೂದಿ ಬಿದ್ದ ದಿನ ಅಲ್ಲಿ ಯಾರೂ ಪೊರಕೆ ಮುಟ್ಟುವುದಿಲ್ಲ.