'ಕಳಿಸಿದ್ದೀನಿ' ಅನ್ನೋ ಗುಂಡಿ

ಸೋಮವಾರ, ಮಾರ್ಚ್ 3, 2014. ಬೆಳಿಗ್ಗೆ 9:10. ಪೂರ್ವ ಫಿನ್ಲೆಂಡಿನ ಹಾಪಾಲಹ್ತಿ ಪೊಲೀಸ್ ಠಾಣೆ.

ದೂರು ತಂದಿದ್ದು ಎಲ್ವಿ ಹುಕ್ಕಾ. ವಯಸ್ಸು ಎಪ್ಪತ್ತೊಂದು. ಊರಿನ ಶಾಲೆ ಅಡುಗೆಮನೇಲಿ ಮೂವತ್ತು ವರ್ಷ ಸೌಟು ಹಿಡಿದಿದ್ದೋರು. ಒಂದು ಹಳೇ ಲ್ಯಾಪ್‌ಟಾಪನ್ನ ಉಣ್ಣೆ ಶಾಲಲ್ಲಿ ಸುತ್ತಿ, ಹಸುಗೂಸಿನ ಥರ ಎದೆಗೆ ಅವಚ್ಕೊಂಡು ಬಂದು ಟೇಬಲ್ ಮೇಲೆ ಮಲಗಿಸಿದ್ರು.

"ಏನು ಕಳುವಾಗಿದೆ?" ಅಂತ ಕಾನ್‌ಸ್ಟೇಬಲ್ ಪಾಸಿ ಕೇಳ್ದ.

"ನಮ್ಮೋರ ದನಿ."

ಪಾಸಿ ಬಾಯಿಗೆ ಹೋಗ್ತಿದ್ದ ಕಾಫಿ ಅರ್ಧದಲ್ಲೇ ನಿಂತ್ಕೊಳ್ತು. "ಅಮ್ಮಾ, ಪರ್ಸ್ ಕಳ್ದೋದ್ರೆ ಹುಡುಕ್ತೀವಿ. ಸೈಕಲ್ ಕಳ್ದೋದ್ರೆ ಹುಡುಕೋ ಥರ ಆಕ್ಟಿಂಗ್ ಮಾಡ್ತೀವಿ. ದನಿಗೆ ಯಾವ ಸೆಕ್ಷನ್ ಹಾಕ್ಲಿ?"

"ಗುರುವಾರ ಗುರುವಾರ ನಿಂಗೆ ಬಟಾಣಿ ಸಾರು ಬಡಿಸಿದ ಕೈ ಕಣೋ ಇದು. ಮೂರು ಸಲ ಹಾಕಿಸ್ಕೊಂಡು ನಾಲ್ಕನೇ ಸಲ ತಟ್ಟೆ ಬಚ್ಚಿಡ್ತಿದ್ದೆ. ಬಾಯಿ ಮುಚ್ಕೊಂಡು ಬರ್ಕೋ."

ಪಾಸಿ ಬಾಯಿ ಮುಚ್ಕೊಂಡು ಬರ್ಕೊಂಡ. ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಹಿಲ್ಕಾ ತೊಲೊನೆನ್ ಒಳಗಿಂದ ಬಂದು ಕುರ್ಚಿ ಎಳ್ಕೊಂಡ್ರು. ಇಪ್ಪತ್ತಾರು ವರ್ಷದ ಸರ್ವೀಸು. ರೂಲ್ಸ್ ಪುಸ್ತಕಕ್ಕೆ ಕೈಕಾಲು ಬಂದ್ರೆ ಇವ್ರ ಥರಾನೇ ಇರ್ತಿತ್ತು.

ವಿಷಯ ಇಷ್ಟೇ. ಎಲ್ವಿ ಗಂಡ ಉರ್ಪೊ, ರಿಟೈರ್ಡ್ ಬಸ್ ಡ್ರೈವರ್. ಎರಡು ವರ್ಷದ ಹಿಂದೆ ಗಂಟಲು ಕ್ಯಾನ್ಸರ್ ಅಂತ ದನಿಪೆಟ್ಟಿಗೆ ತೆಗೆದುಬಿಟ್ರು. ಆಪರೇಷನ್‌ಗೆ ಮುಂಚೆ ಅವರು ಮೂರು ವಾರ ಕೂತು ಆರ್ನೂರ ನಲವತ್ತು ವಾಕ್ಯ ಕಂಪ್ಯೂಟರಿಗೆ ಹೇಳಿಟ್ಟಿದ್ರು. ಬೇಕಾದ ಗುಂಡಿ ಒತ್ತಿದ್ರೆ ಅವರದೇ ದನಿ. ಪ್ರೋಗ್ರಾಂ ಹೆಸರು 'ಮಾತುಪೆಟ್ಟಿಗೆ'. ದನಿ, ಡೈರಿ, ಏನು ಬೇಕಾದ್ರೂ ಅದರೊಳಗೆ ಇಟ್ಕೋಬೋದು. ದೊಡ್ಡ ಕಂಪನಿದಲ್ಲ. ಇದೇ ಊರಲ್ಲಿ ರೇಡಿಯೊ ರಿಪೇರಿ ಮಾಡ್ತಿದ್ದ ಓಸ್ಮೊ ರಂತಾ ಅನ್ನೋರು ಮನೇಲಿ ಕೂತು ಒಬ್ರೇ ಬರೆದ ಶೇರ್‌ವೇರ್, ಅಂದ್ರೆ ಯಾರು ಬೇಕಾದ್ರೂ ಪುಕ್ಕಟೆ ಹಾಕ್ಕೊಳ್ಳೋ ಪ್ರೋಗ್ರಾಂ.

"ದುಡ್ಡು ಕೇಳಿದ್ನಾ?" ತೊಲೊನೆನ್ ಕೇಳಿದ್ರು.

"ಇಲ್ಲ. ಇಷ್ಟ ಆದ್ರೆ ಒಂದು ಪೋಸ್ಟ್‌ಕಾರ್ಡ್ ಕಳಿಸಿ ಅಂತ ಇತ್ತು, ಅಷ್ಟೇ. ತೆಗೆದಾಗೆಲ್ಲ ಒಂದು ಕಿಟಕಿ ಬರುತ್ತೆ. ಕಾರ್ಡು ಕಳಿಸಿದ್ರಾ? ಕೆಳಗೆ ಎರಡು ಗುಂಡಿ. 'ಕಳಿಸಿದ್ದೀನಿ', 'ಆಮೇಲೆ'."

"ನೀವು ಯಾವುದು ಒತ್ತಿದ್ರಿ?"

ಎಲ್ವಿ ಶಾಲಿನ ಅಂಚು ಸರಿ ಮಾಡ್ಕೊಂಡ್ರು. "'ಆಮೇಲೆ' ಒತ್ತಿದ್ರೆ ನಾಳೆನೂ ಕೇಳುತ್ತೆ. 'ಕಳಿಸಿದ್ದೀನಿ' ಒತ್ತಿದ್ರೆ ಆರು ತಿಂಗಳು ಸುಮ್ನಿರುತ್ತೆ. ಎಲ್ರೂ ಅದನ್ನೇ ಒತ್ತೋದು."

"ಕಳಿಸಿದ್ರಾ?"

"ಇಲ್ಲ."

ಫೆಬ್ರವರಿ 10ಕ್ಕೆ ಪ್ರೋಗ್ರಾಂ ತಾನೇ ಅಪ್‌ಡೇಟ್ ಆಯ್ತಂತೆ. ಆರ್ನೂರ ನಲವತ್ತು ಗುಂಡಿನೂ ಬೂದಿ ಬಣ್ಣ. ಪರದೆ ಮೇಲೆ ಎರಡೇ ಸಾಲು: 'ನೀವು ಕಾರ್ಡು ಕಳಿಸಿಲ್ಲ. ಕಳಿಸಿ, ಬೀಗ ತೆಗೆಯೋ ಕೀ ಕಳಿಸ್ತೀನಿ.' ಕೆಳಗೆ ವಿಳಾಸ, ಕೊಯಿವುರಿನ್ನೆ ಬೀದಿ, 9 ಬಿ 22. ಎಲ್ವಿ ಮಾರನೇ ದಿನಾನೇ ಕಾರ್ಡು ಹಾಕಿದ್ರು. ಒಂದು ವಾರ ಕಾದು ಆ ಮನೆ ಹತ್ರಾನೇ ಹೋದ್ರು. ಇಡೀ ಕಟ್ಟಡಕ್ಕೆ ಪ್ಲಾಸ್ಟಿಕ್ ಹೊದಿಸಿ ಪೈಪ್ ರಿಪೇರಿ ನಡೀತಿತ್ತು. ಕೆಲಸದೋರು ಬಿಟ್ರೆ ಒಳಗೆ ಒಂದು ನರಪಿಳ್ಳೆ ಇಲ್ಲ.

"ಈಗ ಮೂರು ವಾರ. ಅವರು ದಿನಾ ಬೆಳಿಗ್ಗೆ ಏಳಕ್ಕೆ ಎದ್ದು ಆ ಸತ್ತ ಗುಂಡಿನೇ ಒತ್ತುತ್ತಾರೆ."

"ಯಾವ ಗುಂಡಿ?"

"'ಎಲ್ವಿ, ಇದು ಕಾಫಿನಾ, ಪಾತ್ರೆ ತೊಳೆದ ನೀರಾ?' ಐವತ್ತು ವರ್ಷ ದಿನಾ ಕೇಳಿದ್ದೀನಿ, ಮೈ ಉರೀತಿತ್ತು." ಆಮೇಲೆ ಮೆಲ್ಲಗೆ ಹೇಳಿದ್ರು, "ಕಾಯಿಲೆ ತಿರುಗಿ ಬಂದಿದೆ, ಮೇಡಂ. ಜೂನಿನ ನಡುಬೇಸಿಗೆ ಹಬ್ಬದ ಆಚೆಗೆ ಏನೂ ಪ್ಲಾನ್ ಮಾಡ್ಬೇಡಿ ಅಂದಿದ್ದಾರೆ ಡಾಕ್ಟ್ರು."

9:50ಕ್ಕೆ ಎಫ್‌ಐಆರ್ ಆಯ್ತು. ಕಲಂ: ದತ್ತಾಂಶಕ್ಕೆ ಹಾನಿ. ಮಧ್ಯಾಹ್ನದೊಳಗೆ ಬೇರೆ ಠಾಣೆಗಳಿಂದ ಇದೇ ಥರದ ಮೂವತ್ತೊಂದು ದೂರು ಬಂದು ಬಿದ್ವು.

"ಮೇಡಂ, ಒಂದು ತಪ್ಪೊಪ್ಪಿಗೆ," ಅಂದ ಪಾಸಿ. "ಇದೇ ಓಸ್ಮೊ ಮಾಡಿದ 'ಪೊರಕೆ' ಅಂತ ಒಂದು ಆಡ್-ಆನ್ ನನ್ನ ಮನೆ ಕಂಪ್ಯೂಟರಲ್ಲೂ ಇದೆ. ಬ್ರೌಸರ್‌ಗೆ ಸಿಕ್ಕಿಸಿದ್ರೆ ಜಾಹೀರಾತೆಲ್ಲ ಗುಡಿಸಿ ಹಾಕುತ್ತೆ. ಅದೂ ಕಾರ್ಡು ಕೇಳುತ್ತೆ."

"ನೀನು?"

"ಏಳು ವರ್ಷದಿಂದ ಕಳಿಸ್ತಾನೇ ಇದ್ದೀನಿ ಮೇಡಂ. ಗುಂಡಿಲಿ."

"ಅದಕ್ಕೂ ಬೀಗ ಬಿದ್ದಿದ್ಯಾ?"

"ಇಲ್ಲ. ನನ್ನ ಹತ್ರ ಬೀಗ ಹಾಕೋ ಅಂಥದ್ದು ಏನಿದೆ?"

ಮಂಗಳವಾರ, ಮಾರ್ಚ್ 4. ಮಧ್ಯಾಹ್ನ 1:25. ಶೋಧನೆ ಆದೇಶ ಹಿಡ್ಕೊಂಡು ಕೊಯಿವುರಿನ್ನೆ ಬೀದಿಗೆ ಹೋದ್ರು. ಪಂಚರಾಗಿ ಕೆಲಸದ ಮೇಸ್ತ್ರಿನೂ ಒಬ್ಬ ಪೇಂಟರೂ ನಿಂತ್ಕೊಂಡ್ರು.

"ಜನ ಯಾವಾಗ ಖಾಲಿ ಮಾಡಿದ್ದು?" ತೊಲೊನೆನ್.

"ನವೆಂಬರ್ ಒಂದು," ಅಂದ ಮೇಸ್ತ್ರಿ. "ಜನವರಿ ಕೊನೇಲಿ ವಾಪಸ್ ಬರ್ಬೋದು ಅಂದಿದ್ವಿ. ಗೋಡೆ ಒಡೆದಾಗ ಒಳಗೆ ಇನ್ನೊಂದು ಪೈಪ್ ತುಕ್ಕು ಹಿಡಿದಿತ್ತು. ಈಗ ಮೇ ಅಂತಿದ್ದೀವಿ."

"ಯಾವ ವರ್ಷದ ಮೇ?" ಅಂದ ಪಾಸಿ. ಮೇಸ್ತ್ರಿ ನಗಲಿಲ್ಲ.

22ನೇ ನಂಬರ್ ಬಾಗಿಲು ಅರ್ಧ ತೆರೆದು ನಿಂತ್ಬಿಡ್ತು. ಪಾಸಿ ಹೀರೋ ಥರ ಭುಜ ಕೊಟ್ಟು ಗುದ್ದಿದ. ಬಾಗಿಲು ಅಲ್ಲಾಡಲಿಲ್ಲ, ಭುಜ ಅಲ್ಲಾಡ್ತು. ಸಂದಿಲಿ ಕೈ ಹಾಕಿ ನೋಡಿದ್ರೆ ಅಡ್ಡ ಇದ್ದಿದ್ದು ಕಾಗದದ ರಾಶಿ. ಬಾಗಿಲ ಮಧ್ಯದ ಟಪಾಲು ಕಿಂಡಿಯಿಂದ ಒಂದೊಂದಾಗಿ ಬಿದ್ದು ಗೇಣೆತ್ತರ ಬೆಳೆದಿದ್ದ ಪೋಸ್ಟ್‌ಕಾರ್ಡುಗಳು. ಮೇಲೆ ಬಿಳೀ ಗೋಡೆಧೂಳು. ದೀಪಸ್ತಂಭ, ಚರ್ಚು, ಹಿಮಸಾರಂಗ, ಯಾರದೋ ಊರಿನ ಕೆರೆ, ಕ್ರಿಸ್‌ಮಸ್ಸಲ್ಲಿ ಉಳಿದ ಕಾರ್ಡಲ್ಲಿ ಹಂದಿಮರಿ.

ಪಾಸಿ ಒಂದು ಎತ್ಕೊಂಡು ಧೂಳು ಊದಿ ಓದ್ದ. "'ನಿನ್ನ ಮನೆ ಹಾಳಾಗ. ನನ್ನ ಮಗಳ ಡೈರಿ ಬಿಡು.'" ಇನ್ನೊಂದು. "'ಸ್ವಾಮಿ, ಹದಿನೈದು ವರ್ಷ ಸುಳ್ಳು ಒತ್ತಿದ್ದೀನಿ. ಕ್ಷಮಿಸಿ. ಪ್ರೋಗ್ರಾಂ ತುಂಬಾ ಚೆನ್ನಾಗಿದೆ.'" ಆಮೇಲೆ ಓದೋದು ಬಿಟ್ಟು ಎಣಿಸೋಕೆ ಶುರು ಮಾಡ್ದ.

ನಾಲ್ಕುನೂರ ಹದಿನೇಳು ಕಾರ್ಡು. ಒಳಕೋಣೇಲಿ ಗೋಡೆ ಮೇಲೆ ಬೇರೆ ಹದಿನಾಲ್ಕು, ಮೊಳೆ ಹೊಡೆದು ಸಾಲಾಗಿ ಹಾಕಿದ್ವು. ಬಿಸಿಲಿಗೆ ಮಾಸಿದ್ವು. ಎಲ್ಲದರ ಮೇಲೂ 1998, 1999ರ ಮುದ್ರೆ. ಅದರ ಕೆಳಗೆ ಪ್ಲಾಸ್ಟಿಕ್ ಮುಚ್ಚಿದ ಕಂಪ್ಯೂಟರ್.

ಪಾಸಿ ಪ್ಲಗ್ ಹತ್ರ ಬಗ್ಗಿದ. "ಮೇಡಂ, ಒಂದ್ಸಲ ಆನ್ ಮಾಡಿ ನೋಡ್ಲಾ? ಕೀ ಇದ್ರೆ ಇದರಲ್ಲೇ ಇರ್ಬೇಕು."

"ಕೈ ತೆಗಿ."

"ಎರಡೇ ನಿಮಿಷ ಮೇಡಂ."

"ಸಾಕ್ಷಿ ಅದು. ಆನ್ ಮಾಡಿದ್ರೆ ತಾರೀಕುಗಳು ಬದಲಾಗುತ್ತೆ, ಕೋರ್ಟಲ್ಲಿ ಬಿದ್ದೋಗುತ್ತೆ. ಮೊದಲು ಸೀಲು. ಆಮೇಲೆ ಮಿಕ್ಕಿದ್ದು."

2:40ಕ್ಕೆ ಪಂಚನಾಮೆ ಮುಗೀತು. ಕಂಪ್ಯೂಟರ್ ಒಂದು, ಕಾರ್ಡುಗಳು ಒಟ್ಟು ನಾಲ್ಕುನೂರ ಮೂವತ್ತೊಂದು. ಪಂಚರ ಸಹಿ ಬಿತ್ತು. ತೊಲೊನೆನ್ ತಾವೇ ಕೆಂಪು ಪಟ್ಟಿ ಸುತ್ತಿ, ಅದರ ಮೇಲೆ ಸಹಿ ಹಾಕಿದ್ರು.

ಓಸ್ಮೊ ಎಲ್ಲಿದ್ದಾರೆ ಅಂತ ಹುಡುಕೋಕೆ ಷರ್ಲಾಕುಗಿರ್ಲಾಕು ಏನೂ ಬೇಕಾಗಲಿಲ್ಲ. ಮೇಸ್ತ್ರಿ ಹತ್ರಾನೇ ಪಟ್ಟಿ ಇತ್ತು. ಮೂವತ್ತು ಕಿಲೋಮೀಟರ್ ಆಚೆ, ತಂಗಿಯ ಬೇಸಿಗೆ ಗುಡಿಸಲು.

4:05. ಹೆಪ್ಪುಗಟ್ಟಿದ ಕೆರೆ ಮಧ್ಯೆ, ಮಂಜುಗಡ್ಡೆಗೆ ತೂತು ಕೊರೆದು, ಸಣ್ಣ ಸ್ಟೂಲ್ ಮೇಲೆ ಒಬ್ರು ಗಾಳ ಹಾಕಿ ಕೂತಿದ್ರು. ಪಾಸಿ ಹೋಗ್ತಾ ಎರಡು ಸಲ ಜಾರಿ ಬಿದ್ದ. ಆ ಮನುಷ್ಯ ತಿರುಗಿ ನೋಡಿದ್ರು. "ಓಡಿಹೋಗ್ತೀನಿ ಅಂತ ಭಯಾನಾ? ಮೆಲ್ಲಗೆ ಬನ್ನಿ. ಮೊಣಕಾಲು ಆಪರೇಷನ್ ಆಗಿದೆ ನಂಗೆ."

"ಓಸ್ಮೊ ರಂತಾ?"

"ಹೌದು."

"ಫೆಬ್ರವರಿ ಹತ್ತರ ಅಪ್‌ಡೇಟ್ ನಿಮ್ಮದೇನಾ?"

"ನಂದೇ. ಇನ್ಯಾರದ್ದು? ನನ್ನ ಪ್ರೋಗ್ರಾಂ ಮುಟ್ಟೋರು ಯಾರಿದ್ದಾರೆ? ಇಲ್ಲಿಂದಾನೇ, ತಂಗಿ ಲ್ಯಾಪ್‌ಟಾಪಿಂದ ಹಾಕ್ದೆ."

"ಯಾಕೆ ಹಾಕಿದ್ರಿ?"

"ಎಷ್ಟು ಜನ ನಿಜವಾಗ್ಲೂ ಬರೀತಾರೆ ನೋಡೋಣ ಅಂತ. ಕಾರ್ಡು ಬಂದವರಿಗೆಲ್ಲ ಒಂದು ದಿನ ಊರಿಗೆ ಹೋಗಿ ಕೀ ಮಾಡಿ ಕಳಿಸೋಣ ಅಂದ್ಕೊಂಡಿದ್ದೆ." ಗಾಳ ಮೇಲೆತ್ತಿ ಮತ್ತೆ ಬಿಟ್ರು. "ಒಂದೂ ಬರಲಿಲ್ಲ. ಬೀಗ ಹಾಕಿದ್ರೂ ಒಬ್ರೂ ಬರೀಲಿಲ್ಲ. ಅಂದ್ರೆ ಒಳಗೆ ಯಾರೂ ಏನೂ ಇಟ್ಟೇ ಇರಲಿಲ್ಲ ಅಂತಾಯ್ತು."

ತೊಲೊನೆನ್ ಪಾಸಿ ಮುಖ ನೋಡಿದ್ರು. ಪಾಸಿ ಕೆರೆ ನೋಡ್ದ.

"ನಿಮ್ಮ ಟಪಾಲು ಇಲ್ಲಿಗೆ ತಿರುಗಿಸೋಕೆ ಎಷ್ಟು ತಿಂಗಳಿಗೆ ಬರ್ಕೊಟ್ಟಿದ್ರಿ?"

"ಮೂರು. ರಿಪೇರಿ ಮೂರೇ ತಿಂಗಳು ಅಂದಿದ್ರು."

"ಅದು ಜನವರಿ ಮೂವತ್ತೊಂದಕ್ಕೆ ಮುಗೀತು. ನಾಲ್ಕುನೂರ ಹದಿನೇಳು ಕಾರ್ಡು ನಿಮ್ಮ ಬಾಗಿಲ ಹಿಂದೆ ಬಿದ್ದಿದೆ."

ಓಸ್ಮೊ ಎದ್ದು ನಿಂತ್ರು. ಗಾಳದ ಕೋಲು ಕೈಯಿಂದ ಜಾರಿ, ತೂತಿನ ಅಂಚಿಗೆ ಬಡಿದು, ನೀರಿಗೆ ಹೋಯ್ತು. ಯಾರೂ ಹಿಡೀಲಿಲ್ಲ.

"ಎಷ್ಟು?"

"ನಾಲ್ಕುನೂರ ಹದಿನೇಳು."

"ನಡೀರಿ ಮತ್ತೆ, ಯಾಕೆ ನಿಂತಿದ್ದೀರಾ! ಕೀ ಮಾಡೋ ಪ್ರೋಗ್ರಾಂ ಆ ಮನೆ ಕಂಪ್ಯೂಟರಲ್ಲಿ ಮಾತ್ರ ಇರೋದು. ಒಂದು ಕೀಗೆ ಎರಡು ನಿಮಿಷ. ಇವತ್ತೇ ಶುರು ಮಾಡಿದ್ರೆ..."

"ನಕಲು ಇಲ್ವಾ?"

"ಇಲ್ಲ. ಯಾಕೆ, ಅದಕ್ಕೇನಾಗಿದೆ?"

ತೊಲೊನೆನ್ ಕೋಟಿನ ಜೇಬಲ್ಲಿ ಆ ಕೆಂಪು ಪಟ್ಟಿಯ ಉಳಿದ ಸುರುಳಿ ಇತ್ತು. "ಸೀಲ್ ಮಾಡಿದ್ದೀನಿ," ಅಂದ್ರು. "ಒಂದೂವರೆ ಗಂಟೆ ಮುಂಚೆ."

4:20ಕ್ಕೆ ಬಂಧನ. ಬೇಡಿ ಹಾಕಲಿಲ್ಲ. ಜಾರುತ್ತೆ ಅಂತ ಪಾಸಿನೇ ಅವರ ಕೈ ಹಿಡ್ಕೊಂಡು ದಡಕ್ಕೆ ಕರ್ಕೊಂಡು ಬಂದ. ಇಲ್ಲ, ಪಾಸಿ ಕೈ ಅವರು ಹಿಡ್ಕೊಂಡಿದ್ರು ಅನ್ನೋದೇ ಸರಿ.

ಬುಧವಾರ, ಮಾರ್ಚ್ 5. 8:30ಕ್ಕೆ ತೊಲೊನೆನ್ ಪ್ರಾಸಿಕ್ಯೂಟರ್‌ಗೆ ಫೋನ್ ಮಾಡಿದ್ರು.

"ಆರೋಪಿನೇ ಕೀ ಮಾಡಿಕೊಡ್ತಾನಂತೆ. ಸೀಲು ತೆಗೀಬೋದಾ?"

"ಆರೋಪಿ ಕೈಗೆ ಸಾಕ್ಷಿ ಕೊಡೋದಾ? ಹಿಲ್ಕಾ, ನೀನೇನಾ ಮಾತಾಡ್ತಿರೋದು?"

"ಒಬ್ರದ್ದು ಮಾತ್ರ. ನಾನೇ ಪಕ್ಕದಲ್ಲಿ ನಿಂತಿರ್ತೀನಿ."

"ಲ್ಯಾಬ್ ನಕಲು ತೆಗೆಯೋವರೆಗೂ ಯಾರೂ ಮುಟ್ಟಂಗಿಲ್ಲ. ಈ ರೂಲ್ಸ್ ನಂಗೆ ಹೇಳ್ಕೊಟ್ಟಿದ್ದೇ ನೀನು."

8:50ಕ್ಕೆ ಲ್ಯಾಬಿಗೆ. ಸರದಿ ಯಾವಾಗ? ಸೆಪ್ಟೆಂಬರ್. ಇನ್ನೂ ಬೇಗ? ಆಗಸ್ಟ್ ಕೊನೆ, ಅದೂ ಖಾತ್ರಿ ಇಲ್ಲ. ತೊಲೊನೆನ್ ಅರ್ಜಿ ಬರೆದ್ರು, ಡಾಕ್ಟರ ಪತ್ರ ಲಗತ್ತಿಸಿದ್ರು, ಮೇಲಿನೋರಿಗೆ ಇನ್ನೊಂದು ಅರ್ಜಿ ಬರೆದ್ರು. ಮಧ್ಯಾಹ್ನ 3:45ಕ್ಕೆ ಉತ್ತರ ಬಂತು: ಅರ್ಜಿ ಸ್ವೀಕರಿಸಿದೆ, ಸರದಿ ಪ್ರಕಾರ ಕ್ರಮ.

ಎಲ್ವಿ ಮನೆಗೆ ಇಬ್ರೂ ಹೋದ್ರು. ಏಲಕ್ಕಿ ಬನ್ನು, ಕಾಫಿ. ಕಿಟಕಿ ಪಕ್ಕ ಉರ್ಪೊ ಕತ್ತಿಗೆ ಬಟ್ಟೆ ಸುತ್ಕೊಂಡು, ಸ್ಲೇಟ್ ತೊಡೆ ಮೇಲೆ ಇಟ್ಕೊಂಡು ಕೂತಿದ್ರು. ತೊಲೊನೆನ್ ಎಲ್ಲಾ ಹೇಳಿದ್ರು. ಸೀಲು ಹಾಕಿದ್ದು ನಾನೇ ಅನ್ನೋದನ್ನೂ ಬಿಡಲಿಲ್ಲ.

ಎಲ್ವಿ ಅಳಲಿಲ್ಲ. "ಅಂದ್ರೆ ಆ ಕಂಪ್ಯೂಟರ್ ನಿಮ್ಮ ಸ್ಟೇಷನ್ನಲ್ಲೇ ಇದೆ."

"ಹೌದು."

"ನನ್ನ ಅಡುಗೆಮನೆಯಿಂದ ನಡ್ಕೊಂಡು ಹೋದ್ರೆ ಹದಿನೈದು ನಿಮಿಷ."

"ಹೌದು, ಎಲ್ವಿ."

ಉರ್ಪೊ ಸ್ಲೇಟಲ್ಲಿ ಬರೆದು ತಿರುಗಿಸಿದ್ರು: 'ನಾನು ನಿರಪರಾಧಿ. ನನ್ನ ದನಿ ಲಾಕಪ್ಪಲ್ಲಿ. ಬೇಲ್ ಯಾರು ಕೊಡ್ತಾರೆ?' ಬರೆದು ಭುಜ ಕುಣಿಸಿ ನಕ್ರು. ಸದ್ದಿಲ್ಲದ ನಗು. ಯಾವ ಡೈಲಾಗಿಗೂ ಮರುಡೈಲಾಗು ಹೊಡೆಯೋ ಪಾಸಿ ಕೈಲಿದ್ದ ಬನ್ನನ್ನ ತಟ್ಟೆಗೆ ವಾಪಸ್ ಇಟ್ಟ.

ಗುರುವಾರ, ಮಾರ್ಚ್ 6. ಬೆಳಿಗ್ಗೆ 10:00. ಹೇಳಿಕೆ ದಾಖಲು. ಓಸ್ಮೊ ವಕೀಲ ಬೇಡ ಅಂದ್ರು.

"ಹದಿನಾರು ವರ್ಷ," ಅಂದ್ರು. "ಒಂಬತ್ತು ಸಾವಿರ ಕಂಪ್ಯೂಟರಲ್ಲಿ ಇದೆ. ಒಂಬತ್ತು ಸಾವಿರ ಜನ 'ಕಳಿಸಿದ್ದೀನಿ' ಅಂದ್ರು. ಬಂದಿದ್ದು ಹದಿನಾಲ್ಕು. ಮೊದಮೊದಲು ಪೋಸ್ಟಿನೋರೇ ಕಳೆದ್ರೇನೋ ಅಂತ ಅವರ ಜೊತೆ ಜಗಳಕ್ಕೂ ಹೋಗಿದ್ದೆ. ದುಡ್ಡು ಕೇಳಿದ್ರೆ ಕೊಡೋರು. ಅದು ಬೇಕಿರಲಿಲ್ಲ ನಂಗೆ. ಅಂಗಡಿ ಇದ್ದಾಗ ರೇಡಿಯೊ ರಿಪೇರಿ ಮಾಡಿಕೊಟ್ರೆ, ಹಾಡು ಬಂತಲ್ಲ ಓಸ್ಮೊ, ಅಂತ ಕೌಂಟರಲ್ಲೇ ನಿಂತು ಕೇಳೋರು. ಅಂಥ ಒಂದು ಮಾತು ಸಾಕಾಗಿತ್ತು."

"ಜನರ ಫೈಲಿಗೆ ಬೀಗ ಹಾಕೋದು ಅಪರಾಧ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ತಪ್ಪು ನಂದೇ, ಬರ್ಕೊಳ್ಳಿ." ಕುರ್ಚಿ ಮುಂದಕ್ಕೆ ಎಳ್ಕೊಂಡು, "ಮೇಡಂ, ಆ ಕಾರ್ಡುಗಳು... ಒಂದ್ಸಲ ಓದೋಕೆ ಕೊಡ್ತೀರಾ?"

"ಸಾಕ್ಷಿ. ಕೇಸ್ ಮುಗಿಯೋವರೆಗೂ ಕೊಡಂಗಿಲ್ಲ."

"ಸರಿ."

ತೊಲೊನೆನ್ ಪೆನ್ನಿನ ಮುಚ್ಚಳ ಹಾಕಿದ್ರು. ಆಮೇಲೆ ಫೈಲ್ ನೋಡದೆ, ಗೋಡೆ ನೋಡ್ಕೊಂಡು ಹೇಳಿದ್ರು. "ನೂರ ಆರನೇ ನಂಬರ್ ಕಾರ್ಡು. ದೀಪಸ್ತಂಭದ ಚಿತ್ರ. 'ನಮಸ್ಕಾರ ಓಸ್ಮೊ. ನಾವು ಸುಳ್ಳು ಒತ್ತಿದ್ವಿ, ತಪ್ಪಾಯ್ತು. ನಿಮ್ಮ ಪೆಟ್ಟಿಗೆ ಒಳಗೆ ನಮ್ಮೋರ ದನಿ ಇದೆ. ಎರಡು ವರ್ಷ ನೀವು ಅವರನ್ನ ಮಾತಾಡಿಸಿದ್ರಿ. ಆಗಲೇ ಬರೀಬೇಕಿತ್ತು. ಎಲ್ವಿ.'"

ಓಸ್ಮೊ ಎರಡು ಕೈಲೂ ಮುಖ ಮುಚ್ಕೊಂಡ್ರು. ಹೇಳಿಕೆಗೆ ಸಹಿ ಬಿದ್ದಿದ್ದು 11:40ಕ್ಕೆ.

ಶುಕ್ರವಾರ ಪಾಸಿಗೆ ರಜೆ. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿ ಬ್ರೌಸರ್ ತೆಗೆದ. ಮೂಲೇಲಿ 'ಪೊರಕೆ'ಯ ಆ ಸಣ್ಣ ಕಿಟಕಿ ಬಂತು. ಆರು ತಿಂಗಳು ಮುಗಿದಿತ್ತು ಅಂತ ಕಾಣುತ್ತೆ.

ಕಾರ್ಡು ಕಳಿಸಿದ್ರಾ?

ಮೇಜಿನ ಮೇಲೆ ನಿನ್ನೆ ತಂದ ಕಾರ್ಡು ಇತ್ತು. ಹಿಮಸಾರಂಗದ ಚಿತ್ರ. ಓಸ್ಮೊ ಇರೋ ಜೈಲಿನ ವಿಳಾಸ ಬರೆದಾಗಿತ್ತು. ಇನ್ನೊಂದು ಪಕ್ಕ ಖಾಲಿ. ಏನು ಬರೀಬೇಕು ಅಂತ ರಾತ್ರಿ ಎಲ್ಲಾ ಹೊಳೆದಿರಲಿಲ್ಲ.

ಏಳು ವರ್ಷದಲ್ಲಿ ಮೊದಲನೇ ಸಲ ಪಾಸಿ 'ಆಮೇಲೆ' ಒತ್ತಿದ.