ಮಧ್ಯಾಹ್ನ ಹನ್ನೆರಡೂವರೆಯ ದೋಷ

"ಇದರ ಕೆಳಗಿರೋ ಸಹಿ ನಿಮ್ಮದೇನಾ, ಸೆನ್ಯೋರಿತಾ?"

ಆ ದನಿ ಕೇಳಿದ್ದೇ ನೀಲ್ಡಾಳ ಪೆನ್ನು ನಿಂತಿತು.

ಎಲಾಡಿಯೊ ತೊಲಾಬಾ! ಸಾಮಾ ಬೆಟ್ಟದ ಮೇಲಿನ ಸಂಕೇತ ಮರುಪ್ರಸಾರ ಕೇಂದ್ರದಿಂದ ಮೂರು ವರ್ಷ ದಿನಾ ಬೆಳಿಗ್ಗೆ ಏಳಕ್ಕೆ ಫೋನಿನಲ್ಲಿ ಕೇಳಿದ ದನಿ. ಮೊದಲು ಯಂತ್ರಗಳ ಲೆಕ್ಕ ಒಪ್ಪಿಸುತ್ತಿದ್ದ. ಆಮೇಲೆ ಹಿಮ ಬಿದ್ದದ್ದು, ಬಾಗಿಲಿಗೆ ನರಿ ಬಂದದ್ದು... ಮುಖ ನೋಡಿದ್ದು ಮಾತ್ರ ಇವತ್ತೇ.

ಅವನ ಕೈಯಲ್ಲಿದ್ದ ವರದಿಯಲ್ಲಿ ಅವಳದೇ ಅಕ್ಷರ: 'ಬೆಟ್ಟದ ಸಿಬ್ಬಂದಿ ಊಟದ ಹೊತ್ತಿನಲ್ಲಿ ಉಸ್ತುವಾರಿ ಬಿಟ್ಟು ಹೋಗುತ್ತಿರುವಂತಿದೆ.'

"ನನ್ನದೇ. ಲೆಕ್ಕ ನೋಡಿ ಬರೆದೆ."

ತಾರಿಹಾ ಪಟ್ಟಣದ ಆ ದೂರವಾಣಿ ಕೇಂದ್ರದಲ್ಲಿ ಮೂವತ್ತು ಜನರ ಮಾತನ್ನು ಒಂದೇ ಹಾದಿಯಲ್ಲಿ ಸಾಗಿಸುವ ಮಲ್ಟಿಪ್ಲೆಕ್ಸರ್ ಯಂತ್ರ ಅವಳ ಸುಪರ್ದಿಯಲ್ಲಿತ್ತು. ಬೆಟ್ಟದಿಂದ ಕೆಟ್ಟು ಬಂದ ಸಂಕೇತಗಳನ್ನು ಅದರ ಎಣಿಕೆ ಪೆಟ್ಟಿಗೆ ಲೆಕ್ಕ ಹಾಕುತ್ತಿತ್ತು. ತಿಂಗಳಿಂದ ಹನ್ನೆರಡೂವರೆಯಾದರೆ ಸಾಕು, ನೂರಾರು ದೋಷ; ಜನರ ಮಾತು ನಡುವೆಯೇ ತುಂಡಾಗುತ್ತಿತ್ತು.

"ನನ್ನನ್ನ ಒಂದು ಮಾತು ಕೇಳಬಹುದಿತ್ತು. ದಿನಾ ಮಾತಾಡ್ತಿದ್ವಲ್ಲ," ಎಂದ ಎಲಾಡಿಯೊ. "ನಾಳೆಯಿಂದ ನನ್ನನ್ನ ಉಗ್ರಾಣಕ್ಕೆ ಹಾಕಿದಾರೆ."

ಅವನು ಹೋದ. ನಾನು ನನ್ನ ಕೆಲಸ ಮಾಡಿದೆ, ಅಷ್ಟೇ... ಎಂದು ಅವಳು ತನಗೇ ಹೇಳಿಕೊಂಡಳು.

ಆದರೆ ಬೆಟ್ಟಕ್ಕೆ ಹೊಸಬ ಹೋದ ಮೇಲೂ ದೋಷ ನಿಲ್ಲಲಿಲ್ಲ.

ಎಂಟನೇ ದಿನ ನೀಲ್ಡಾ ಬೆಟ್ಟದ ತಂತಿಯನ್ನು ಕಳಚಿ, ತನ್ನ ಯಂತ್ರದ ಸಂಕೇತ ತನಗೇ ಮರಳುವಂತೆ ಜೋಡಿಸಿದಳು. ಈಗ ಬೆಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ. ಎಣಿಕೆ ಪೆಟ್ಟಿಗೆಯ ಸೊನ್ನೆ ಕದಲಲಿಲ್ಲ. ಸಮಾಧಾನದಿಂದ, ಎಂದಿನಂತೆ ಹನ್ನೆರಡೂವರೆಗೆ ಯಂತ್ರದ ಬೀರುವಿನ ಹಿಂದಿನ ವಿದ್ಯುತ್ ಒಲೆ ಹಚ್ಚಿ, ಕಡಲೆಕಾಯಿ ಸೂಪು ಬಿಸಿಗಿಟ್ಟಳು.

ಅಂಕಿ ಏರತೊಡಗಿತು. ನಲವತ್ತು... ಇನ್ನೂರು...

ಒಲೆ ಆರಿಸಿದಳು. ನಿಂತಿತು. ಹಚ್ಚಿದಳು. ಮತ್ತೆ ಏರಿತು.

ಬಗ್ಗಿ ನೋಡಿದಳು. ಹೊರಗಿನ ವಿದ್ಯುತ್ ಗದ್ದಲ ಸಂಕೇತಕ್ಕೆ ತಾಗದಂತೆ ತಡೆಯಬೇಕಿದ್ದ, ಯಂತ್ರದ ತಂತಿಯ ಲೋಹದ ಕವಚ ಬೆಸುಗೆಯಿಲ್ಲದೆ ಜೋತಾಡುತ್ತಿತ್ತು. ಹೋದ ತಿಂಗಳು ಆ ಜೋಡಣೆ ಮಾಡಿದವಳು ಅವಳೇ.

ಮುಖ ಕಾದು ಕೆಂಡವಾಯಿತು. ಊಟದ ಹೊತ್ತಿನಲ್ಲಿ ಎಂದು ಬರೆದೆನಲ್ಲ... ಊಟ ಯಾರದಾಗಿತ್ತು? ಆ ಸೂಪನ್ನು ಅವಳಿಂದ ಬಾಯಿಗಿಡಲಾಗಲಿಲ್ಲ.

ಮೇಲಧಿಕಾರಿ ಗರೇಕಾ ಕೇಳಿಸಿಕೊಂಡು ನಕ್ಕರು. "ತಂತಿ ಹಳೇದಾಗಿತ್ತು ಅಂತ ಬರೆದು ಮುಗಿಸು, ನೀಲ್ಡಿತಾ. ಯಾರಿಗೂ ತೊಂದ್ರೆ ಆಗಲ್ಲ."

"ಒಬ್ಬರಿಗೆ ಆಗಿದೆ, ಇಂಜಿನಿಯರೇ."

ಒಲೆ, ಬೆಸುಗೆ, ತನ್ನ ಹೆಸರು, ಎಲ್ಲವನ್ನೂ ಬರೆದು ಸಹಿ ಹಾಕಿ, ಸೂಚನಾ ಫಲಕಕ್ಕೂ ಒಂದು ಪ್ರತಿ ಅಂಟಿಸಿದಳು. ಅವಳಿಗಿದ್ದ ಪಾಳಿಯ ಮುಖ್ಯಸ್ಥೆಯ ಸ್ಥಾನ ಸಂಜೆಯೊಳಗೆ ಹೋಯಿತು. ಹಿಂದಿನಿಂದ ಯಾರೋ ಹೇಳಿದ್ದೂ ಕಿವಿಗೆ ಬಿತ್ತು: "ಅಡುಗೆಮನೆ ಇಂಜಿನಿಯರು ಬಂದ್ಲು ನೋಡಿ."

ಉಗ್ರಾಣದಲ್ಲಿ ಎಲಾಡಿಯೊ ತಂತಿಯ ಸುರುಳಿಗಳ ಧೂಳು ಒರೆಸುತ್ತಿದ್ದ. ಅವಳು ಬಾಗಿಲಲ್ಲೇ ನಿಂತಳು. ಕಣ್ಣೆತ್ತಲಾಗಲಿಲ್ಲ.

"ಓದಿದೆ," ಎಂದ ಅವನು. "ಸೋಮವಾರ ಬೆಟ್ಟಕ್ಕೆ ವಾಪಸ್ ಕಳಿಸ್ತಾರಂತೆ."

"ಕ್ಷಮಿಸಿ ಅಂತ ಕೇಳೋಕೂ ನಾಚಿಕೆ ಆಗ್ತಿದೆ."

"ಕೇಳಬೇಡಿ. ಸಿಟ್ಟು ಇನ್ನೂ ಇಳಿದಿಲ್ಲ. ನನ್ನ ಮೇಲಿನ ದೂರು ಕೇಳಿ ಸೋದರಮಾವನ ಮುಂದೆ ನಮ್ಮಮ್ಮ ತಲೆ ತಗ್ಗಿಸಿದ್ಲು, ಗೊತ್ತಾ?"

ನೀಲ್ಡಾ ಒಂದು ಹೆಜ್ಜೆ ಒಳಗಿಟ್ಟಳು. "ಮನೆ ಎಲ್ಲಿ, ಹೇಳಿ. ಅವರಿಗೆ ನಾನೇ ಹೇಳ್ತೀನಿ."

"ಯಾರಮ್ಮ ನೀನು ಅಂತ ಕೇಳ್ತಾಳೆ."

"ನಿಮ್ಮ ಮಗನ ಮೇಲೆ ಸುಳ್ಳು ದೂರು ಬರೆದವಳು ಅಂತೀನಿ."

"ಆಮೇಲೆ?"

"ಆಮೇಲೆ..." ಅವಳು ಈಗ ಕಣ್ಣೆತ್ತಿದಳು. "ದಿನಾ ಏಳು ಗಂಟೆಗೆ ಅವನ ಮಾತಿಗೆ ಕಾಯ್ತಿದ್ದವಳು ಅಂತೀನಿ. ಮೂರು ವರ್ಷದಿಂದ."

ಎಲಾಡಿಯೊ ಒರೆಸುವ ಬಟ್ಟೆಯನ್ನು ಕೆಳಗಿಟ್ಟ.

"ಇದನ್ನ ಮೊದಲು ಹೇಳಿ. ಅಮ್ಮ ಕೂರಿಸಿ ಮಾತಾಡಿಸ್ತಾಳೆ."

"ಇಲ್ಲ. ದೂರಿನ ವಿಷಯನೇ ಮೊದಲು."

"ಸರಿ," ಎಂದು ಅವನು ಕೋಟು ಎತ್ತಿಕೊಂಡ. "ನಡೀರಿ, ನಾನೂ ಪಕ್ಕದಲ್ಲಿ ನಿಂತಿರ್ತೀನಿ."