ಹೊರಡಲೊಲ್ಲದ ನೀಲಿ ಕಾರು

"ಶಕುನವೇ ಸರಿ ಇಲ್ಲ. ಈ ಸಂಬಂಧ ನಮಗೆ ಬೇಡ!"

ಹುಡುಗನ ಸೋದರಮಾವ ಹರಿನಾರಾಯಣರ ಮಾತು ಕೇಳಿ, ಬಾಗಿಲ ಮರೆಯಲ್ಲಿದ್ದ ತೃಪ್ತಿಯ ಎದೆ ಧಸಕ್ಕೆಂದಿತು.

ಆಗಷ್ಟೇ ಹೆಣ್ಣು ನೋಡಿ, ಕಾಫಿ ಕುಡಿದು, ಎಲ್ಲರೂ ಖುಷಿಯಿಂದ ಅಂಗಳಕ್ಕೆ ಇಳಿದಿದ್ದರು. ಬಂದ್ಯೋಡಿನಿಂದ ಪೈವಳಿಕೆಗೆ ಉರಿಬಿಸಿಲಲ್ಲಿ ಏರು ಹತ್ತಿ ಬಂದ ಹುಡುಗನ ಮನೆಯ ಅಜ್ಜನ ಕಾಲದ ನೀಲಿ ಕಾರು ಈಗ ಸ್ಟಾರ್ಟೇ ಆಗುತ್ತಿಲ್ಲ!

ಸ್ಟಿಯರಿಂಗ್ ಹಿಡಿದು ಕೂತ ಹುಡುಗ ಭವಿತ್ ಆಕ್ಸಿಲರೇಟರ್ ತುಳಿದ, ಬಿಟ್ಟ, ಮತ್ತೆ ತುಳಿದ. ಮಾವನಿಗೆ ಎದುರಾಗಿ ಒಂದೇ ಒಂದು ಮಾತಿಲ್ಲ.

'ಇವನಿಗೂ ನಾನು ಬೇಡವಾದೆನಾ...?'

ಕಣ್ಣು ತುಂಬಿತು. ಬಿಳಿ ಅಂಗಿ ತೊಟ್ಟು ಬಂದವನ ಉಗುರಲ್ಲಿ ಗ್ರೀಸ್ ಕಂಡೇ ಮೆಚ್ಚಿಬಿಟ್ಟಿದ್ದಳಲ್ಲ, ಹುಚ್ಚು ಹುಡುಗಿ!

ಅಷ್ಟರಲ್ಲಿ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಕಾರಿನ ಕಾಯಿಲೆ ಅವಳಿಗೆ ಗೊತ್ತಾಗಿಹೋಯಿತು. ತೀರಿಹೋದ ಅಪ್ಪನ ಹಳೆಯ ಟ್ಯಾಕ್ಸಿಯನ್ನು ಓಡಿಸುತ್ತಿದ್ದವಳು ಅವಳು. ಆ ಕಾರಣಕ್ಕೇ ಹಿಂದೆ ಎರಡು ಸಂಬಂಧ ತಪ್ಪಿದ್ದವು.

ಅಮ್ಮ ಹರಿಣಾಕ್ಷಿ ಕೈ ಹಿಡಿದರು. "ಬೇಡ ಮಗಾ... ಇವತ್ತೊಂದು ದಿನ ಸುಮ್ಮನಿರು."

"ಸುಮ್ಮನಿದ್ದರೂ ಈ ಸಂಬಂಧ ಹೋಗ್ತದೆ ಅಮ್ಮ. ಮಾತಾಡಿಯೇ ಹೋಗಲಿ!"

ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕೆ ಇಳಿದೇಬಿಟ್ಟಳು.

"ಇದು ಶಕುನ ಅಲ್ಲ ಮಾವ. ಬಿಸಿ ಇಂಜಿನ್ ನಿಲ್ಲಿಸಿದರೆ ಕಾರ್ಬುರೇಟರಿನ ಪೆಟ್ರೋಲ್ ಕುದಿದು ಇಂಜಿನ್ನಿನ ಒಳಗೆ ಚೆಲ್ತದೆ. ಹೀಗೆ ತುಳೀತಾ ಇದ್ದರೆ ಇನ್ನೂ ಸುರೀತದೆ!" ಭವಿತ್‌ನತ್ತ ತಿರುಗಿದಳು. "ನೀವು ಇಳೀರಿ."

ಅವನು ತೆಪ್ಪಗೆ ಇಳಿದ.

"ನಿನಗೆ ಕಾರು ಗೊತ್ತುಂಟಾ?" ಹರಿನಾರಾಯಣರು ಹುಬ್ಬೇರಿಸಿದರು.

"ಟ್ಯಾಕ್ಸಿ ಓಡಿಸ್ತೇನೆ," ಎಂದಳು ತಲೆಯೆತ್ತಿ.

ಸೀಟಿನಲ್ಲಿ ಕೂತು, ಗಾಳಿ ನುಗ್ಗಿ ಚೆಲ್ಲಿದ ಪೆಟ್ರೋಲ್ ಹೊರಹೋಗಲೆಂದು ಆಕ್ಸಿಲರೇಟರನ್ನು ಒಮ್ಮೆಗೇ ಪೂರ್ತಿ ಒತ್ತಿ ಹಿಡಿದು, ಕಾಲು ಅಲ್ಲಾಡಿಸದೆ ಕೀಲಿ ತಿರುಗಿಸಿದಳು. ಕೆಮ್ಮಿತು... ಮತ್ತೊಮ್ಮೆ ಕೆಮ್ಮಿತು... ಕಪ್ಪು ಹೊಗೆ ಉಗುಳಿ ಗುರ್ರೆಂದು ಎದ್ದಿತು ಕಾರು!

ಬಾಯಿ ತೆರೆದು ನಿಂತಿದ್ದ ಹರಿನಾರಾಯಣರು ತಟ್ಟನೆ ಮಾತು ತಿರುಗಿಸಿದರು. ಶಕುನಕ್ಕೇನು, ಹೇಳುವವರ ನಾಲಿಗೆಯಲ್ಲೇ ಇರುತ್ತದೆ!

"ಹುಡುಗಿಯ ಕೈ ತಾಗಿದ್ದೇ ಹೊರಟಿತಲ್ಲ ಮಾರಾಯ! ಇದಕ್ಕಿಂತ ಒಳ್ಳೆ ಶಕುನ ಎಂತ ಬೇಕು? ಈ ಸಂಬಂಧ ಗಟ್ಟಿ!"

ಹರಿಣಾಕ್ಷಿ ಕಣ್ಣೊರೆಸಿಕೊಂಡರು. ಭವಿತ್ ಮೆಲ್ಲನೆ ಕಾರಿನ ಕಿಟಕಿಯ ಬಳಿ ಬಂದ. ತೃಪ್ತಿಗೆ ಇನ್ನೂ ಸಿಟ್ಟು ಇಳಿದಿರಲಿಲ್ಲ.

"ಈ ಕಾರು ರಿಪೇರಿ ಮಾಡುವುದು ಯಾರು?"

"ನಾನೇ."

"ಹಾಗಾದರೆ ಬಿಸಿ ಇಂಜಿನ್ನಿಗೆ ಹಾಗೆ ತುಳೀಬಾರದು ಅಂತ..."

"ಗೊತ್ತುಂಟು." ಅವನು ತಲೆ ತಗ್ಗಿಸಿದ. "ಕಾಫಿ ಮುಗಿದಿತ್ತು, ನಿಮ್ಮ ಹತ್ತಿರ ಒಂದು ಮಾತೂ ಆಡಿರಲಿಲ್ಲ... ಸ್ವಲ್ಪ ಹೊತ್ತು ನಿಲ್ಲುವ ಅಂತ ಬೇಕೆಂದೇ ತುಳಿದೆ. ಮಾವ ಶಕುನದ ಮಾತು ಎತ್ತಿದಾಗ ಬಾಯಿಯೇ ಕಟ್ಟಿಹೋಯ್ತು."

"ಟ್ಯಾಕ್ಸಿಯ ವಿಷಯ...?"

"ಗೊತ್ತಿದ್ದೇ ಬಂದದ್ದು. ಒಮ್ಮೆ ಬಂದ್ಯೋಡು ಪೇಟೆಯ ರಶ್ಶಿನಲ್ಲಿ ನೀವು ಟ್ಯಾಕ್ಸಿ ರಿವರ್ಸ್ ತೆಗೆದದ್ದು ನೋಡಿದೆ. ಅವತ್ತೇ ಮನಸ್ಸು ಕೊಟ್ಟೆ."

ತೃಪ್ತಿಯ ಕೆನ್ನೆ ಕೆಂಪಾಯಿತು. ಕೀಲಿ ತಿರುಗಿಸಿ ಇಂಜಿನ್ ಆಫ್ ಮಾಡಿದಳು.

"ಎಂತ ಮಾಡಿದ್ದು ಮಾರಾಯ್ತಿ! ಇನ್ನು ಹೊರಡ್ಲಿಕ್ಕೆ ಹೊತ್ತು ಹಿಡೀತದೆ!" ಹರಿನಾರಾಯಣರು ಕೂಗಿದರು.

"ಹಿಡೀಲಿ," ಎಂದಳು ನಗುತ್ತಾ. "ಕಾಫಿ ಇನ್ನೂ ಉಂಟು."